ಉಸಿರಿನ ಬೆಲೆ ಬರೆಯುವವರು ಯಾರು?

(ಪ್ರಸಾರ: 2025ರ ಮೇ 6, ಮಂಗಳವಾರ, ವಿಶ್ವ ಅಸ್ತಮಾ ದಿನ)



ಇವತ್ತು ಬೆಳಗ್ಗೆಯಿಂದ ಯಾವ ಚಾನೆಲ್ ಹಾಕಿದರೂ ಒಂದೇ ಸುದ್ದಿ. ಗಡಿ, ಪಾಕಿಸ್ತಾನ, ನಾಳೆಯ ಮಾಕ್ ಡ್ರಿಲ್. ನಮ್ಮಲ್ಲೂ ಅದೇ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅಲ್ಲಿಗೇ ಬರ್ತೀವಿ. ಅದಕ್ಕೂ ಮುಂಚೆ ಇಪ್ಪತ್ತು ನಿಮಿಷ ನನಗೆ ಕೊಡಿ. ಸೈರನ್ ಇಲ್ಲದೆ, ಸದ್ದಿಲ್ಲದೆ ನಮ್ಮ ನಿಮ್ಮ ಮನೆಗಳಲ್ಲಿ ರಾತ್ರಿ ಎರಡು ಗಂಟೆಗೆ ನಡೆಯುವ ಒಂದು ಹೋರಾಟದ ಬಗ್ಗೆ ಮಾತಾಡಬೇಕು. ಅದು ಉಸಿರಿಗಾಗಿ ನಡೆಯುವ ಹೋರಾಟ.

ಮೊನ್ನೆ ಭಾನುವಾರ ವಿಜಯನಗರದಲ್ಲಿ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಬರುವಾಗ ಬಿಪಿ ಮಾತ್ರೆ ತಗೊಳ್ಳೋಣ ಅಂತ ಒಂದು ಮೆಡಿಕಲ್ ಸ್ಟೋರ್ ಮುಂದೆ ನಿಂತೆ. ನನ್ನ ಮುಂದೆ ಒಬ್ಬ ತಾಯಿ. ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗ. ಅಂಗಡಿಯವರು ಚೀಟಿ ನೋಡಿ ಎರಡು ಡಬ್ಬಿ ತಂದಿಟ್ಟರು. ಎರಡೂ ಪಂಪ್. ನಾವು ಇನ್ಹೇಲರ್ ಅಂತ ಎಲ್ಲಿ ಅಂತೀವಿ, ನಮಗೆಲ್ಲ ಅದು ಪಂಪೇ.

“ಎರಡೂ ಸೇರಿ ಎಷ್ಟಾಯ್ತಣ್ಣಾ?”

“ಆರುನೂರರ ಹತ್ತಿರ ಆಗುತ್ತಕ್ಕಾ.”

ಆಕೆ ಪರ್ಸ್ ತೆಗೆದರು, ನೋಡಿದರು, ಮುಚ್ಚಿದರು. “ಆ ನೀಲಿದು ಒಂದೇ ಕೊಡಿ. ಇನ್ನೊಂದು ಮುಂದಿನ ತಿಂಗಳು ನೋಡೋಣ.”

ಅಂಗಡಿಯವರು ಒಳ್ಳೆಯ ಮನುಷ್ಯ. “ಅಕ್ಕಾ, ದಿನಾ ಹಾಕಬೇಕಾದ್ದು ಈ ಇನ್ನೊಂದು. ನೀಲಿದು ಬರೀ ಅರ್ಜೆಂಟಿಗೆ” ಅಂತ ಹೇಳಿಯೇ ಹೇಳಿದರು. ಆಕೆ ಏನಂದರು ಗೊತ್ತಾ? “ಗೊತ್ತಣ್ಣಾ. ಆದರೆ ಅರ್ಜೆಂಟಿಗೆ ಬೇಕಲ್ಲಾ.”

ಈ ಒಂದು ಮಾತು ನನ್ನನ್ನು ಎರಡು ದಿನದಿಂದ ಬಿಟ್ಟಿಲ್ಲ. ಆಕೆಗೆ ತಿಳಿವಳಿಕೆ ಕಡಿಮೆ ಅಂತ ದಯವಿಟ್ಟು ಹೇಳಬೇಡಿ. ಎಲ್ಲ ಗೊತ್ತಿತ್ತು. ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವ ಔಷಧ ಬಿಟ್ಟು, ಬೆಂಕಿ ಬಿದ್ದ ಮೇಲೆ ನೀರೆರಚುವ ಔಷಧ ಕೊಂಡುಕೊಂಡರು. ದುಡ್ಡು ಅಷ್ಟೇ ಇತ್ತು.

ಈ ವರ್ಷದ ವಿಶ್ವ ಅಸ್ತಮಾ ದಿನದ ಘೋಷಣೆಯೇ, ಉಸಿರಿನ ಮೂಲಕ ಕೊಡುವ ಚಿಕಿತ್ಸೆ ಎಲ್ಲರಿಗೂ ಎಟುಕಲಿ ಅನ್ನೋದು. ಕೇಳೋಕೆ ಚೆನ್ನಾಗಿದೆ. ಎಟುಕದ ಹಾಗೆ ಮೇಲೆ ಇಟ್ಟವರು ಯಾರು? ಅದನ್ನ ಇವತ್ತು ನೋಡೋಣ.

ಮೊದಲು ನಮ್ಮ ಬೆಂಗಳೂರಿನ ಲೆಕ್ಕ. ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಇದೇ ಊರಿನ ಮಕ್ಕಳನ್ನು ಇಪ್ಪತ್ತು ವರ್ಷ ಅಧ್ಯಯನ ಮಾಡಿದರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿ ಅಸ್ತಮಾ. 1989ರಲ್ಲಿ 18.5. 1999ರಲ್ಲಿ 29.5. ಒಂದು ತಲೆಮಾರಿನಲ್ಲಿ ಮೂರು ಪಟ್ಟು! ಆಗ ನಮ್ಮನ್ನು ಹವಾನಿಯಂತ್ರಿತ ನಗರ ಅಂತ ಹೊಗಳುತ್ತಿದ್ದರು ಅನ್ನೋದು ನೆನಪಿರಲಿ.

ಪಶ್ಚಿಮ ಬೆಂಗಳೂರಿನ ನಮಗೆ ಇದನ್ನ ಬೇರೆ ವಿವರಿಸಬೇಕಾ? ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಲೇತ್ ಮೆಷಿನ್ ಧೂಳು, ಪ್ಲೇಟಿಂಗ್ ಘಟಕಗಳ ಹೊಗೆ. ಸುಮನಹಳ್ಳಿ ಜಂಕ್ಷನ್‌ನಲ್ಲಿ ಲಾರಿಗಳು. ನಾಯಂಡಹಳ್ಳಿಯಿಂದ ಕೆಂಗೇರಿವರೆಗೆ ಒಂದು ಕಡೆ ಮೈಸೂರು ರಸ್ತೆ, ಇನ್ನೊಂದು ಕಡೆ ವೃಷಭಾವತಿ. ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ. ನಮ್ಮ ಕಡೆ ಉಬ್ಬಸ ಅಂತೀವಿ, ಉತ್ತರ ಕರ್ನಾಟಕದಲ್ಲಿ ದಮ್ಮು ಅಂತಾರೆ. ಹೆಸರು ಯಾವುದಾದರೇನು, ರಾತ್ರಿ ಎದ್ದು ಕೂತು ಉಸಿರಿಗೆ ಒದ್ದಾಡುವುದು ಒಂದೇ.

ಇನ್ನು ದೇಶದ ಲೆಕ್ಕ. 2019ರ ಜಾಗತಿಕ ರೋಗಭಾರ ವರದಿಯ ಪ್ರಕಾರ ಭಾರತದಲ್ಲಿ ಸುಮಾರು 3.4 ಕೋಟಿ ಅಸ್ತಮಾ ರೋಗಿಗಳು. ಜಗತ್ತಿನ ಒಟ್ಟು ರೋಗಿಗಳಲ್ಲಿ ನಮ್ಮ ಪಾಲು ಶೇ. 13. ಆದರೆ ಅಸ್ತಮಾದಿಂದ ಆಗುವ ಸಾವುಗಳಲ್ಲಿ ನಮ್ಮ ಪಾಲು ಶೇ. 42ಕ್ಕೂ ಹೆಚ್ಚು. ಈ ಎರಡು ಅಂಕಿಗಳ ನಡುವೆ ಇರುವ ಅಂತರವನ್ನ ಒಂದು ಕ್ಷಣ ನೋಡಿ. ಬೇರೆ ದೇಶದಲ್ಲಿ ಬದುಕುವ ರೋಗಿ ನಮ್ಮಲ್ಲಿ ಸಾಯ್ತಾನೆ. ಇದಕ್ಕೆ ವೈದ್ಯರು ಮೊದಲು ಹೇಳುವ ಕಾರಣ, ನಮ್ಮವರು ದಿನನಿತ್ಯದ ಸ್ಟಿರಾಯ್ಡ್ ಇನ್ಹೇಲರ್ ಬಳಸೋದಿಲ್ಲ, ನೀಲಿ ಪಂಪ್ ನಂಬಿಕೊಂಡು ಕಾಲ ತಳ್ತಾರೆ ಅನ್ನೋದು. 2019ರಲ್ಲಿ ಜಾಗತಿಕ ಅಸ್ತಮಾ ತಜ್ಞರ ಸಂಘಟನೆ ಗೀನಾ ಖಡಾಖಂಡಿತವಾಗಿ ಹೇಳಿತು: ದೊಡ್ಡವರಿಗೆ, ಹದಿಹರೆಯದವರಿಗೆ ಸಾಲ್ಬುಟಮಾಲ್ ಒಂದನ್ನೇ ನಂಬಿದ ಚಿಕಿತ್ಸೆ ಸಾಲದು, ಜೊತೆಗೆ ಸ್ಟಿರಾಯ್ಡ್ ಇರಲೇಬೇಕು.

ವಿಜಯನಗರದ ಆ ತಾಯಿ ಕೌಂಟರ್ ಮೇಲೇ ಬಿಟ್ಟು ಹೋದದ್ದು ಆ ಎರಡನೇ ಪಂಪನ್ನೇ.

ಈಗ ಪ್ರಶ್ನೆ. ಆ ಪಂಪಿನ ಬೆಲೆ ಯಾಕೆ ಅಷ್ಟು? ಒಳಗಿರುವ ಔಷಧ ಲೆಕ್ಕಕ್ಕೆ ಸಿಗದಷ್ಟು ಚೂರು, ಮೈಕ್ರೋಗ್ರಾಂಗಳಲ್ಲಿ. ಇದು ತಿಳಿಯೋಕೆ ಪಂಪ್ ಅಂದರೇನು ಅಂತ ಮೊದಲು ತಿಳೀಬೇಕು.

1955ರ ಮಾತು. ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್. ಆತನ ಹದಿಮೂರು ವರ್ಷದ ಮಗಳಿಗೆ ಅಸ್ತಮಾ. ಆಗೆಲ್ಲ ಗಾಜಿನ ನೆಬುಲೈಸರ್, ರಬ್ಬರ್ ಬಲ್ಬ್ ಹಿಸುಕಬೇಕು. ಆ ಹುಡುಗಿ ಅಪ್ಪನನ್ನ ಕೇಳಿದಳಂತೆ, ಕೂದಲಿಗೆ ಹಾಕೋ ಸ್ಪ್ರೇ ಥರ ಔಷಧ ಯಾಕೆ ಬರಲ್ಲ ಅಂತ. ಅಪ್ಪ ಕಾರ್ಖಾನೆಗೆ ಹೋಗಿ ಅದೇ ಪ್ರಶ್ನೆ ಕೇಳಿದ. 1956ರಲ್ಲಿ ಮೊದಲ ಪಂಪ್ ಮಾರುಕಟ್ಟೆಗೆ ಬಂತು.  ಆಮೇಲೆ ಸಿಪ್ಲಾ ಕಂಪನಿ ಇಲ್ಲೂ ಇನ್ಹೇಲರ್ ತಂದಿತು.

ಕೇಳೋಕೆ ಸುಲಭ, ಮಾಡೋಕೆ ಕಷ್ಟ. ಮಾತ್ರೆಯಾದರೆ ನುಂಗಿದರೆ ಮುಗೀತು. ಪಂಪಿನಿಂದ ಹೊರಡುವ ಕಣ ಒಂದರಿಂದ ಐದು ಮೈಕ್ರಾನ್ ಒಳಗೆ ಇರಬೇಕು. ನಮ್ಮ ತಲೆಕೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಕಣ ದೊಡ್ಡದಾದರೆ ಗಂಟಲಿಗೆ ಅಂಟುತ್ತೆ. ತೀರಾ ಚಿಕ್ಕದಾದರೆ ಉಸಿರು ಬಿಟ್ಟಾಗ ವಾಪಸ್ ಹೊರಗೆ ಹೋಗುತ್ತೆ. ಮೊದಲ ಪಫ್‌ನಲ್ಲಿ ಎಷ್ಟು ಬಂತೋ ಇನ್ನೂರನೇ ಪಫ್‌ನಲ್ಲೂ ಅಷ್ಟೇ ಬರಬೇಕು. ವಾಲ್ವ್, ಕ್ಯಾನಿಸ್ಟರ್, ಎಷ್ಟು ಡೋಸ್ ಉಳಿದಿದೆ ಅಂತ ತೋರಿಸುವ ಕೌಂಟರ್, ಪುಡಿಯ ಇನ್ಹೇಲರ್ ಆದರೆ ಅದಕ್ಕೆ ಬೇರೆಯದೇ ಯಂತ್ರ.

ಅಂದರೆ ಇನ್ಹೇಲರ್ ಅಂದರೆ ಎರಡು ವಸ್ತು. ಒಂದು ಔಷಧ, ಇನ್ನೊಂದು ಉಪಕರಣ. ಬಾಗಿಲು ಒಂದು, ಬೀಗ ಎರಡು. ಒಂದು ಬೀಗ ಔಷಧದ ಪೇಟೆಂಟ್. ಅದು ಇಪ್ಪತ್ತು ವರ್ಷಕ್ಕೆ ತಾನಾಗಿ ತೆರೆದುಕೊಳ್ಳುತ್ತೆ. ಇನ್ನೊಂದು ಉಪಕರಣದ ಪೇಟೆಂಟ್. ಅದನ್ನ ಸ್ವಲ್ಪ ಸ್ವಲ್ಪ ಬದಲಾಯಿಸಿ ಹೊಸ ಬೀಗ ಹಾಕ್ತಾ ಹೋಗಬಹುದು.

ಅಮೆರಿಕದಲ್ಲಿ ಏನಾಯ್ತು ನೋಡಿ. ಗ್ಲಾಕ್ಸೋ ಕಂಪನಿಯ ಅಡ್ವೇರ್ ಅನ್ನುವ ಹೆಸರಾಂತ ಇನ್ಹೇಲರ್. ಔಷಧದ ಪೇಟೆಂಟ್ 2010ರಲ್ಲಿ ಮುಗೀತು. ಉಪಕರಣದ ಪೇಟೆಂಟ್ 2016ರವರೆಗೆ ಇತ್ತು. ಮೊದಲ ಜೆನೆರಿಕ್‌ಗೆ ಅನುಮತಿ ಸಿಕ್ಕಿದ್ದು 2019ರ ಜನವರಿಯಲ್ಲಿ, ಮೈಲಾನ್ ಕಂಪನಿಗೆ. ಔಷಧದ ಬೀಗ ತೆರೆದು ಎಂಟು ವರ್ಷಕ್ಕೂ ಹೆಚ್ಚು ಕಾಲದ ಮೇಲೆ! ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಇದೇ.

ಇನ್ನೊಂದು ಕಥೆ ತೀರಾ ಇತ್ತೀಚಿನದು. ಸಾಲ್ಬುಟಮಾಲ್ 1960ರ ದಶಕದ ಔಷಧ. ಅದರ ಪೇಟೆಂಟ್ ಯಾವತ್ತೋ ಸತ್ತು ಹೋಗಿದೆ. ಆದರೆ ತೇವಾ ಅನ್ನುವ ಕಂಪನಿ ತನ್ನ ಸಾಲ್ಬುಟಮಾಲ್ ಪಂಪಿನ ಕೌಂಟರ್, ಕವಚ ಇವುಗಳ ಪೇಟೆಂಟ್‌ಗಳನ್ನ ಅಮೆರಿಕದ ಔಷಧ ಇಲಾಖೆಯ ಪಟ್ಟಿಗೆ ಸೇರಿಸಿ, ಆಮ್ನೀಲ್ ಅನ್ನುವ ಜೆನೆರಿಕ್ ಕಂಪನಿಯ ದಾರಿಗೆ ಅಡ್ಡ ನಿಂತಿತು. ಕಳೆದ ಡಿಸೆಂಬರ್‌ನಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು, ಈ ಪೇಟೆಂಟ್‌ಗಳಲ್ಲಿ ಇರೋದು ಬರೀ ಉಪಕರಣ, ಔಷಧವೇ ಇಲ್ಲ, ಪಟ್ಟಿಯಿಂದ ತೆಗೀರಿ ಅಂತ.

ಕಳೆದ ವರ್ಷ ಜನವರಿಯಲ್ಲಿ ಅಮೆರಿಕದ ಸೆನೆಟ್ ಸಮಿತಿ ಇನ್ಹೇಲರ್ ಕಂಪನಿಗಳಿಗೆ ಪತ್ರ ಬರೆಯಿತು. ಒಂದು ಇನ್ಹೇಲರ್ ಅಮೆರಿಕದಲ್ಲಿ 489 ಡಾಲರ್, ಅದೇ ಇನ್ಹೇಲರ್ ಫ್ರಾನ್ಸ್‌ನಲ್ಲಿ 7 ಡಾಲರ್, ಯಾಕೆ ಸ್ವಾಮಿ ಅಂತ ಕೇಳಿತು. ಕೆಲವೇ ತಿಂಗಳಲ್ಲಿ ಮೂರು ದೊಡ್ಡ ಕಂಪನಿಗಳು ರೋಗಿಯ ಕೈಯಿಂದ ಹೋಗುವ ಹಣಕ್ಕೆ ತಿಂಗಳಿಗೆ 35 ಡಾಲರ್ ಮಿತಿ ಹಾಕಿಕೊಂಡವು. ಕೇಳುವವರು ಕೇಳಿದರೆ ಬೆಲೆ ಇಳಿಯುತ್ತೆ. ಇದನ್ನ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಈಗ ಪರವಾನಗಿ, ಒಪ್ಪಂದ, ಪಾಲುದಾರಿಕೆ. ಪೇಪರಿನಲ್ಲಿ ಓದ್ತೀವಿ, ಇಂಥ ಕಂಪನಿ ಇಂಥ ಕಂಪನಿ ಜೊತೆ ಲೈಸೆನ್ಸಿಂಗ್ ಒಪ್ಪಂದ ಮಾಡಿಕೊಂಡಿತು ಅಂತ. ಷೇರು ಪುಟದಲ್ಲಿ ಮೂಲೆ ಸುದ್ದಿ. ಪುಟ ತಿರುಗಿಸಿಬಿಡ್ತೀವಿ. ಆದರೆ ಬೆಂಗಳೂರಿನವರಿಗೆ ಇದು ಅರ್ಥವಾಗದ ವಿಷಯ ಅಲ್ಲವೇ ಅಲ್ಲ. ನಮ್ಮ ಮನೆ ಮಾತೇ ಇದು.

ಬಸವೇಶ್ವರನಗರದಲ್ಲಿ ನಿಮ್ಮದೊಂದು ಮನೆ ಇದೆ ಅಂದುಕೊಳ್ಳಿ. ಬಾಡಿಗೆಗೆ ಕೊಡ್ತೀರಿ. ಮೊದಲು ಅಡ್ವಾನ್ಸ್, ಆಮೇಲೆ ತಿಂಗಳ ಬಾಡಿಗೆ. ಔಷಧ ಲೋಕದಲ್ಲಿ ಅದೇ ಲೈಸೆನ್ಸ್. ಅಡ್ವಾನ್ಸ್‌ಗೆ ಮುಂಗಡ ಪಾವತಿ ಅಂತಾರೆ, ಬಾಡಿಗೆಗೆ ರಾಯಲ್ಟಿ ಅಂತಾರೆ. ಒಂದೇ ವ್ಯತ್ಯಾಸ, ಅಡ್ವಾನ್ಸ್ ವಾಪಸ್ ಬರಲ್ಲ.

ಇನ್ನು ನಿಮ್ಮದು ಬರೀ ಸೈಟು, ಕಟ್ಟೋಕೆ ದುಡ್ಡಿಲ್ಲ. ಬಿಲ್ಡರ್ ಬರ್ತಾನೆ. ಸೈಟ್ ನಿಮ್ಮದು, ಕಟ್ಟಡ ಅವನದು, ಫ್ಲ್ಯಾಟ್‌ಗಳಲ್ಲಿ ಅರ್ಧ ಅರ್ಧ. ಜಾಯಿಂಟ್ ಡೆವಲಪ್‌ಮೆಂಟ್! ರಾಜಾಜಿನಗರದ ಹಳೇ ಮನೆಗಳೆಲ್ಲ ಹೀಗೇ ಅಪಾರ್ಟ್‌ಮೆಂಟ್ ಆದವು. ಔಷಧದಲ್ಲೂ ಇದೇ, ಒಬ್ಬನ ಹತ್ತಿರ ಕಣ ಮಾಡುವ ವಿದ್ಯೆ, ಇನ್ನೊಬ್ಬನ ಹತ್ತಿರ ಪ್ರಯೋಗ ನಡೆಸುವ ಹಣ. ಅದು ಅಭಿವೃದ್ಧಿ ಪಾಲುದಾರಿಕೆ.

ಮೂರನೆಯದು, ಮನೆಯೂ ಕೊಡಲ್ಲ, ಸೈಟೂ ಕೊಡಲ್ಲ. ನನ್ನ ಸಾಮಾನು ನಿನ್ನ ಅಂಗಡಿಯಲ್ಲಿ ಮಾರು, ಕಮಿಷನ್ ತಗೋ ಅಂತಾರೆ. ಅದು ವಿತರಣೆ ಒಪ್ಪಂದ.

ಇದಕ್ಕೆ ಉದಾಹರಣೆ ನಮ್ಮ ಊರಿನಲ್ಲೇ ಇದೆ. ಆಸ್ಟ್ರಾಜೆನೆಕಾ ಫಾರ್ಮಾ ಇಂಡಿಯಾ. ಕೇಂದ್ರ ಕಚೇರಿ ಬೆಂಗಳೂರು. ಅವರ ಸಿಂಬಿಕಾರ್ಟ್ ಅನ್ನುವ ಇನ್ಹೇಲರ್‌ನಲ್ಲಿ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಸೇರಿವೆ. ಗೀನಾ ತಜ್ಞರು ದೊಡ್ಡವರಿಗೆ ಮೊದಲು ಸೂಚಿಸುವ ಜೋಡಿ ಅದೇ. ಕಳೆದ ವರ್ಷ, 2024ರಲ್ಲಿ, ಆಸ್ಟ್ರಾಜೆನೆಕಾ ಇದರ ವಿತರಣೆಯನ್ನ ಮ್ಯಾನ್‌ಕೈಂಡ್ ಫಾರ್ಮಾಗೆ ಕೊಟ್ಟಿತು. ಆಮದು ಪರವಾನಗಿ, ಬೌದ್ಧಿಕ ಹಕ್ಕು ಎರಡೂ ಆಸ್ಟ್ರಾಜೆನೆಕಾ ಹತ್ತಿರವೇ ಉಳಿದವು. ಅಂಗಡಿ ಬದಲಾಯ್ತು, ಮನೆ ಪತ್ರ ಬದಲಾಗಲಿಲ್ಲ. ಇದರಲ್ಲಿ ತಪ್ಪೇನಿಲ್ಲ, ಕಾನೂನುಬದ್ಧ ವ್ಯವಹಾರ. ಊರೂರಿಗೆ ಪ್ರತಿನಿಧಿಗಳಿರುವ ಕಂಪನಿ ಕೈಗೆ ಹೋದರೆ ಸಣ್ಣ ಊರಿನ ಅಂಗಡಿಗೂ ಔಷಧ ತಲುಪಬಹುದು. ಆದರೆ ತಲುಪುವುದು ಬೇರೆ, ಎಟುಕುವುದು ಬೇರೆ.

ಈ ಒಪ್ಪಂದಗಳೆಲ್ಲ ಬರೀ ದುರಾಸೆಯ ಕಥೆ ಅಂತ ನಾನು ಹೇಳಲ್ಲ. ಹಾಗೆ ಹೇಳಿದರೆ ಚಪ್ಪಾಳೆ ಬೀಳುತ್ತೆ, ಆದರೆ ಸತ್ಯ ಅಲ್ಲ. ಉಸಿರಿನ ಔಷಧದಲ್ಲಿ ಕೈ ಸುಟ್ಟುಕೊಂಡವರು ಬಹಳ ಜನ.

ಇನ್ಸುಲಿನ್ ಕಥೆ ಕೇಳಿ. ಚುಚ್ಚಿಕೊಳ್ಳುವ ಬದಲು ಎಳೆದುಕೊಳ್ಳುವ ಇನ್ಸುಲಿನ್. 2006ರಲ್ಲಿ ಫೈಜರ್ ಕಂಪನಿ ಇದರ ಹಕ್ಕನ್ನ ಸನೋಫಿಯಿಂದ 130 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಎಕ್ಸುಬೆರಾ ಅಂತ ಹೆಸರು. ಉಪಕರಣ ಎಷ್ಟು ದೊಡ್ಡದು ಅಂದರೆ ಜನ ನಾಲ್ಕು ಜನರ ಮುಂದೆ ಬಳಸೋಕೆ ನಾಚಿಕೊಂಡರು. 2007ರ ಅಕ್ಟೋಬರ್‌ನಲ್ಲಿ ಫೈಜರ್ ಅಂಗಡಿ ಮುಚ್ಚಿತು. ಕಳೆದುಕೊಂಡ ಲೆಕ್ಕ 280 ಕೋಟಿ ಡಾಲರ್. ಆಮೇಲೆ ಮ್ಯಾನ್‌ಕೈಂಡ್ ಅನ್ನುವ ಅಮೆರಿಕದ ಕಂಪನಿ ಬಂತು. ಆಗಲೇ ಹೇಳಿದ ನಮ್ಮ ದೆಹಲಿಯ ಮ್ಯಾನ್‌ಕೈಂಡ್ ಫಾರ್ಮಾ ಬೇರೆ, ಇದು ಬೇರೆ. ಚಿಕ್ಕ ಉಪಕರಣ ಮಾಡಿತು, ಅಫ್ರೆಜಾ ಅಂತ. 2014ರಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. ಸನೋಫಿ 15 ಕೋಟಿ ಡಾಲರ್ ಮುಂಗಡ ಕೊಟ್ಟು ಕೈಜೋಡಿಸಿತು. 2016ರ ಜನವರಿಯಲ್ಲಿ ಕೈ ಬಿಟ್ಟಿತು.

ಭಾರತಕ್ಕೆ? 2018ರಲ್ಲಿ ಸಿಪ್ಲಾ ಅಫ್ರೆಜಾ ಹಕ್ಕು ತಗೊಂಡಿತು, ಮುಂಗಡ 22 ಲಕ್ಷ ಡಾಲರ್. ನಮ್ಮ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದು ಮೊನ್ನೆ ಮೊನ್ನೆ, 2024ರ ಡಿಸೆಂಬರ್‌ನಲ್ಲಿ. ಆರು ವರ್ಷ! 2025ರ ಮೇ ತಿಂಗಳಲ್ಲೂ ಅಂಗಡಿಗೆ ಬಂದಿರಲಿಲ್ಲ. ಸಕ್ಕರೆ ಕಾಯಿಲೆಯವರು ಕಾಯ್ತಿದ್ದರು. ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡ್ತೀನಿ: ಅಸ್ತಮಾ, ಸಿಒಪಿಡಿ ಇರುವವರು ಈ ಇನ್ಸುಲಿನ್ ಎಳೆಯೋ ಹಾಗಿಲ್ಲ. ಶ್ವಾಸನಾಳ ಬಿಗಿದುಕೊಳ್ಳುವ ಅಪಾಯ ಇದೆ ಅಂತ ಅದರ ಮೇಲೇ ಬರೆದಿದೆ.

ಜಂಟಿ ಅಭಿವೃದ್ಧಿಗೂ ಒಂದು ಉದಾಹರಣೆ. ಅಸ್ತಮಾ ಇರುವ ಕೆಲವರ ಶ್ವಾಸಕೋಶದಲ್ಲಿ ಒಂದು ಬಗೆಯ ಬೂಷ್ಟಿನಿಂದ ತೀವ್ರ ಅಲರ್ಜಿ ಆಗುತ್ತೆ. ನಮ್ಮ ದೇಶದಲ್ಲಿ ಇಂಥ ರೋಗಿಗಳು ಬಹಳ. ಬೂಷ್ಟು ಕೊಲ್ಲುವ ಇಟ್ರಾಕೊನಜೋಲ್ ಔಷಧವನ್ನ ಪುಡಿ ಮಾಡಿ ಉಸಿರಿನಲ್ಲೇ ಕೊಡೋಣ ಅಂತ ಅಮೆರಿಕದ ಪಲ್ಮಾಟ್ರಿಕ್ಸ್ ಹೊರಟಿತು. 2019ರಲ್ಲಿ ಸಿಪ್ಲಾ 2.2 ಕೋಟಿ ಡಾಲರ್ ಕೊಟ್ಟು ಜೊತೆಗೂಡಿತು. ಕೋವಿಡ್ ಬಂತು, ಪ್ರಯೋಗ ಅರ್ಧಕ್ಕೆ ನಿಂತಿತು. ಮತ್ತೆ ಶುರು ಮಾಡಿದರು, ಅದೂ ಪೂರ್ತಿಯಾಗಲಿಲ್ಲ. ಬಿಲ್ಡರ್ ಪಾಯ ಹಾಕಿದ, ಕಟ್ಟಡ ಮೇಲೇಳಲಿಲ್ಲ.

ಆದ್ದರಿಂದ ಹಣ ಹಾಕಿದವನಿಗೆ ಲಾಭ ಬೇಡ ಅಂತ ಯಾರೂ ಹೇಳ್ತಿಲ್ಲ. ನನ್ನ ಪ್ರಶ್ನೆ ಬೇರೆ. ಈ ಒಪ್ಪಂದದ ಕೋಣೆಯಲ್ಲಿ ಎರಡು ಕುರ್ಚಿ ಇರುತ್ತೆ. ಮೂರನೇ ಕುರ್ಚಿ, ಎಳೆದುಕೊಳ್ಳುವವನದು, ಯಾಕಿಲ್ಲ?

ಆ ಕುರ್ಚಿ ಇಲ್ಲದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಒಂದೇ ಒಂದು ಉದಾಹರಣೆ. ಇಂಗ್ಲೆಂಡಿನಲ್ಲಿ ವೆಕ್ಟುರಾ ಅಂತ ಒಂದು ಕಂಪನಿ. ಕೆಲಸವೇ ಇನ್ಹೇಲರ್ ತಂತ್ರಜ್ಞಾನ ಮಾಡಿ ಬೇರೆ ಔಷಧ ಕಂಪನಿಗಳಿಗೆ ಲೈಸೆನ್ಸ್ ಕೊಡುವುದು. 2021ರಲ್ಲಿ ಅದನ್ನ ಕೊಂಡುಕೊಂಡವರು ಯಾರು ಗೊತ್ತಾ? ಫಿಲಿಪ್ ಮೋರಿಸ್ ಇಂಟರ್‌ನ್ಯಾಷನಲ್. ಮಾರ್ಲ್‌ಬೊರೊ ಸಿಗರೇಟಿನವರು! ನೂರು ಕೋಟಿ ಪೌಂಡ್‌ಗೂ ಹೆಚ್ಚು ಹಣ. ಶ್ವಾಸಕೋಶ ಸುಟ್ಟವರೇ ಶ್ವಾಸಕೋಶಕ್ಕೆ ಔಷಧ ಮಾರುವುದು! ವೈದ್ಯರ ಸಂಘಟನೆಗಳು ಬೊಬ್ಬೆ ಹೊಡೆದವು. ಷೇರುದಾರರು ಹೆಚ್ಚು ಬೆಲೆ ಕೊಟ್ಟವನಿಗೆ ಕೊಟ್ಟರು. ಮೂರೇ ವರ್ಷ. ಕಳೆದ ವರ್ಷ ಅದನ್ನೇ 15 ಕೋಟಿ ಪೌಂಡ್ ಮುಂಗಡಕ್ಕೆ ಇನ್ನೊಬ್ಬರಿಗೆ ಮಾರಿ ಹೋದರು. ಕೋಟಿಗಟ್ಟಲೆ ಜನರ ಉಸಿರಿನ ತಂತ್ರಜ್ಞಾನ ಹರಾಜಿನ ಎಮ್ಮೆ ಥರ ಕೈಯಿಂದ ಕೈಗೆ ಹೋಯ್ತು.

ನಮ್ಮ ದೇಶದಲ್ಲಿ ಹಾಗಿಲ್ಲ ಅಂದುಕೊಳ್ಳಬೇಡಿ. 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧಕ್ಕೆ ಪೇಟೆಂಟ್ ಇರಲಿಲ್ಲ, ಮಾಡುವ ವಿಧಾನಕ್ಕೆ ಮಾತ್ರ ಇತ್ತು. ಅದಕ್ಕೇ ನಮ್ಮ ಕಂಪನಿಗಳು ಬೆಳೆದವು, ಅದಕ್ಕೇ ಇವತ್ತೂ ನೀಲಿ ಪಂಪ್ ಅಗ್ಗಕ್ಕೆ ಇಲ್ಲಿ ಸಿಗ್ತಿದೆ. ಹಳೆಯ ಬುಡೆಸೊನೈಡ್, ಫಾರ್ಮೊಟೆರಾಲ್‌ಗೂ ಇಲ್ಲಿ ಹಲವು ಭಾರತೀಯ ಬ್ರ್ಯಾಂಡ್‌ಗಳಿವೆ. 2005ರ ಜನವರಿ 1ರಿಂದ ಕಾನೂನು ಬದಲಾಯ್ತು. ಹೊಸ ಔಷಧಕ್ಕೆ ಪೂರ್ತಿ ಪೇಟೆಂಟ್. ಇನ್ಡಕಟೆರಾಲ್ ಅನ್ನುವ ಸಿಒಪಿಡಿ ಔಷಧ ನೊವಾರ್ಟಿಸ್‌ದು. ವಿದೇಶದಿಂದ ತಂದು ಮಾರ್ತಾರೆ, ಸಾಕಷ್ಟು ತರಲ್ಲ, ರೋಗಿಗಳಿಗೆ ಸಿಗಲ್ಲ ಅಂತ ವಾದಿಸಿ 2014ರಲ್ಲಿ ಸಿಪ್ಲಾ ತನ್ನದೇ ಅಗ್ಗದ ಔಷಧ ತಂದಿತು. 2015ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು. 2017ರಲ್ಲಿ ವಿಭಾಗೀಯ ಪೀಠವೂ ತಡೆ ಎತ್ತಿಹಿಡಿಯಿತು. ಬೇಕಿದ್ದರೆ ಕಡ್ಡಾಯ ಪರವಾನಗಿಗೆ ಅರ್ಜಿ ಹಾಕಿ, ಸುಮ್ಮನೆ ಮಾರುವ ಹಾಗಿಲ್ಲ ಅನ್ನೋದು ನ್ಯಾಯಾಲಯದ ನಿಲುವು.

ಕಡ್ಡಾಯ ಪರವಾನಗಿ ಅಂದರೆ, ಬೀಗದವನು ಕೀಲಿ ಕೊಡದಿದ್ದರೆ ಸರ್ಕಾರವೇ ಇನ್ನೊಬ್ಬನಿಗೆ ಕೀಲಿ ಕೊಡಿಸುವುದು. ಭಾರತ ಇದನ್ನ ಕೊಟ್ಟಿರೋದು ಒಂದೇ ಸಲ. 2012ರ ಮಾರ್ಚ್, ಬೇಯರ್ ಕಂಪನಿಯ ಕ್ಯಾನ್ಸರ್ ಔಷಧ ನೆಕ್ಸವಾರ್. ತಿಂಗಳಿಗೆ 2.8 ಲಕ್ಷ ಇದ್ದದ್ದು ನ್ಯಾಟ್ಕೊ ಕೈಯಲ್ಲಿ 8,800 ರೂಪಾಯಿಗೆ ಬಂತು. ಬೇಯರ್‌ಗೂ ರಾಯಲ್ಟಿ ಸಿಕ್ಕಿತು. ಆಮೇಲೆ ಹದಿಮೂರು ವರ್ಷ, ಇನ್ನೊಂದಿಲ್ಲ.

ಈಗ ನಮ್ಮ ಮನೆ ಬಾಗಿಲಿಗೆ ಬರೋಣ.

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಓಡಾಡಿದವರಿಗೆ ಒಂದು ಬೋರ್ಡು ನೆನಪಿರಬೇಕು. ಕರ್ನಾಟಕ ಆ್ಯಂಟಿಬಯೋಟಿಕ್ಸ್ ಆ್ಯಂಡ್ ಫಾರ್ಮಾಸ್ಯುಟಿಕಲ್ಸ್ ಲಿಮಿಟೆಡ್, ಕೆಎಪಿಎಲ್. ಬಹುಕಾಲ ಅದರ ಕಚೇರಿ ಇದ್ದದ್ದು ಅಲ್ಲೇ. ಕಾರ್ಖಾನೆ ಪೀಣ್ಯದಲ್ಲಿ. 1981ರಲ್ಲಿ ಶುರುವಾದ ಸರ್ಕಾರಿ ಕಂಪನಿ. ಶೇ. 59ರಷ್ಟು ಕೇಂದ್ರದ್ದು, 41ರಷ್ಟು ನಮ್ಮ ರಾಜ್ಯದ್ದು. ಸರ್ಕಾರಿ ಔಷಧ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕ್ತಿದ್ದ ಕಾಲದಲ್ಲೂ ಲಾಭ ಮಾಡಿ ಮಿನಿರತ್ನ ಅನ್ನಿಸಿಕೊಂಡಿತು. ಮಾರಿಬಿಡುವ ಮಾತೂ ಒಮ್ಮೆ ಬಂದಿತ್ತು. ಇಂಜೆಕ್ಷನ್, ಕ್ಯಾಪ್ಸೂಲ್, ಮಾತ್ರೆಗಳಿಗೆ ಹೆಸರುವಾಸಿ.

ನಾನು ಕೇಳೋದು ಇಷ್ಟೇ. ಅಮೆರಿಕದ ಕಂಪನಿ ಮುಂಬೈ ಕಂಪನಿಗೆ ಲೈಸೆನ್ಸ್ ಕೊಡಬಹುದು, ಇಂಗ್ಲೆಂಡಿನ ಕಂಪನಿ ಸಿಗರೇಟಿನವರ ಪಾಲಾಗಬಹುದು. ಜನರ ದುಡ್ಡಿನಲ್ಲಿ ನಿಂತಿರುವ ಪೀಣ್ಯದ ಕಂಪನಿ ಒಂದು ಒಳ್ಳೆಯ ಇನ್ಹೇಲರ್ ಉಪಕರಣದ ಲೈಸೆನ್ಸ್ ಪಡೆದು, ಹಳೇ ಔಷಧ ತುಂಬಿ, ಸರ್ಕಾರಿ ಆಸ್ಪತ್ರೆಗಳಿಗೆ ಯಾಕೆ ಕೊಡಬಾರದು? ಔಷಧದ ಬೀಗ ತೆರೆದೇ ಇದೆ. ಉಪಕರಣದ ಬೀಗಕ್ಕೆ ಬಾಡಿಗೆ ಕೊಟ್ಟು ಕೀಲಿ ತಗೋಬಹುದು. ಸೂಕ್ಷ್ಮ ಅಚ್ಚು, ಸ್ಪ್ರಿಂಗ್, ವಾಲ್ವ್ ಮಾಡುವ ಕೈಗಳು ಬೇಕಾ? ಪೀಣ್ಯದಲ್ಲಿ, ಕಾಮಾಕ್ಷಿಪಾಳ್ಯದಲ್ಲಿ ಇದ್ದಾರೆ. ವಿಜ್ಞಾನ ಬೇಕಾ? ಯಶವಂತಪುರದ ಪಕ್ಕದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದರಂತೆ.

ಸುಲಭ ಅಂತ ಹೇಳ್ತಿಲ್ಲ. ಫೈಜರ್ ಕಥೆ ಈಗಷ್ಟೇ ಹೇಳಿದ್ದೀನಿ. ವರ್ಷಗಳು ಹಿಡಿಯುತ್ತೆ, ಸೋಲೂ ಬರಬಹುದು. ಆದರೆ ಕೊಂಡುಕೊಳ್ಳುವವನು ಗ್ಯಾರಂಟಿ ಇದ್ದರೆ ಮಾಡುವವನಿಗೆ ಧೈರ್ಯ. ಸರ್ಕಾರದಷ್ಟು ದೊಡ್ಡ ಗಿರಾಕಿ ಯಾರಿದ್ದಾರೆ?

ಆದ್ದರಿಂದ ಮೂರು ಪ್ರಶ್ನೆ. ನಮ್ಮ ಚಾನೆಲ್‌ನಿಂದ ಲಿಖಿತವಾಗಿಯೂ ಕಳಿಸ್ತೀವಿ.

ಒಂದು, ರಾಜ್ಯ ಆರೋಗ್ಯ ಇಲಾಖೆಗೆ. ವಾರ್ಡ್ ವಾರ್ಡ್‌ಗೆ ನಮ್ಮ ಕ್ಲಿನಿಕ್ ಮಾಡಿದ್ದೀರಿ, ಒಳ್ಳೆಯ ಕೆಲಸ. ಅಲ್ಲಿ ವರ್ಷದ 12 ತಿಂಗಳೂ ಎರಡೂ ಪಂಪ್ ಇರುತ್ತಾ? ನೀಲಿದು ಮಾತ್ರ ಅಲ್ಲ, ದಿನನಿತ್ಯದ್ದೂ? ಸಾಲ್ಬುಟಮಾಲ್, ಬುಡೆಸೊನೈಡ್, ಬುಡೆಸೊನೈಡ್-ಫಾರ್ಮೊಟೆರಾಲ್ ಎಲ್ಲವೂ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲಿವೆ. ಅಗತ್ಯ ಅಂತ ಬರೆದ ಮೇಲೆ ಇರಬೇಕು ತಾನೇ?

ಎರಡು, ಕೇಂದ್ರ ಸರ್ಕಾರಕ್ಕೆ. ಕಳೆದ ಅಕ್ಟೋಬರ್‌ನಲ್ಲಿ ಬೆಲೆ ನಿಯಂತ್ರಣ ಪ್ರಾಧಿಕಾರ ಎಂಟು ಹಳೇ ಔಷಧಗಳ ಗರಿಷ್ಠ ಬೆಲೆಯನ್ನ ಶೇ. 50 ಏರಿಸಿತು. ಅದರಲ್ಲಿ ಸಾಲ್ಬುಟಮಾಲ್ ಮಾತ್ರೆ, ನೆಬುಲೈಸರ್ ದ್ರವ ಎರಡೂ ಇದ್ದವು. ಇಷ್ಟು ಕಡಿಮೆ ಬೆಲೆಗೆ ಮಾಡೋಕಾಗಲ್ಲ, ತಯಾರಿಕೆಯೇ ನಿಲ್ಲುತ್ತೆ ಅನ್ನೋದು ಕೊಟ್ಟ ಕಾರಣ. ಇರಬಹುದು, ಒಪ್ಪೋಣ. ಕಂಪನಿಯ ಕಷ್ಟ ಕೇಳಿದ ಹಾಗೆಯೇ ರೋಗಿಯ ಕಷ್ಟ ಕೇಳುವುದು ಯಾವಾಗ? ವಿದೇಶಿ ಇನ್ಹೇಲರ್‌ಗೆ ಆಮದು ಒಪ್ಪಿಗೆ ಕೊಡುವಾಗ, ಇಷ್ಟು ವರ್ಷದೊಳಗೆ ಇಲ್ಲೇ ತಯಾರಿಸಬೇಕು ಅಂತ ಯಾಕೆ ಕೇಳಬಾರದು?

ಮೂರು, ಎರಡೂ ಸರ್ಕಾರಗಳಿಗೆ. ಕೆಎಪಿಎಲ್ ನಿಮ್ಮಿಬ್ಬರದ್ದು. ಇನ್ಹೇಲರ್ ಬಗ್ಗೆ ನಿಮ್ಮ ಯೋಜನೆ ಏನು, ಜನರ ಮುಂದಿಡಿ.

ವೀಕ್ಷಕರಿಗೂ ಒಂದು ಮಾತು. ಇನ್ಹೇಲರ್ ಹಿಡಿದರೆ ಚಟ ಆಗುತ್ತೆ, ಅದು ಕೊನೆಯ ಔಷಧ, ಮಗಳಿಗೆ ಪಂಪ್ ಇದೆ ಅಂತ ಗೊತ್ತಾದರೆ ಗಂಡು ಸಿಗಲ್ಲ... ಈ ಮಾತುಗಳನ್ನ ಇವತ್ತಿಗೆ ಬಿಡಿ. ಕನ್ನಡಕ ಹಾಕಿದರೆ ಚಟವಾ? ಪಂಪನ್ನ ನೇರ ಬಾಯಿಗೆ ಹೊಡೆದುಕೊಂಡರೆ ಬಹುಪಾಲು ಔಷಧ ಗಂಟಲಲ್ಲೇ ಉಳಿಯುತ್ತೆ, ಡಾಕ್ಟರ್ ಹತ್ತಿರ ಸ್ಪೇಸರ್ ಬಗ್ಗೆ ಕೇಳಿ. ಸ್ಟಿರಾಯ್ಡ್ ಪಂಪ್ ಆದಮೇಲೆ ಬಾಯಿ ಮುಕ್ಕಳಿಸಿ. ಉಬ್ಬಸ ಕಡಿಮೆ ಆಯ್ತು ಅಂತ ನೀವೇ ನಿಲ್ಲಿಸಬೇಡಿ. ದುಬಾರಿ ಅನ್ನಿಸಿದರೆ ಸುಮ್ಮನೆ ವಾಪಸ್ ಬರಬೇಡಿ, ಇದೇ ಔಷಧ ಕಡಿಮೆ ಬೆಲೆಯ ಬ್ರ್ಯಾಂಡ್‌ನಲ್ಲಿ ಇದೆಯಾ ಅಂತ ನಿಮ್ಮ ಡಾಕ್ಟರನ್ನ ಬಾಯಿ ಬಿಟ್ಟು ಕೇಳಿ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಕೇಳೋಕೆ ನಾಚಿಕೆ ಬೇಡ. ಅಮೆರಿಕದಲ್ಲಿ ಬೆಲೆ ಇಳಿದದ್ದು ಕೇಳಿದ್ದಕ್ಕೇ.

ಆ ಭಾನುವಾರ ನಾನು ಆ ಎರಡನೇ ಡಬ್ಬಿಯ ದುಡ್ಡು ಕೊಡೋಣ ಅಂತ ಮುಂದೆ ಬರುವಷ್ಟರಲ್ಲಿ ತಾಯಿ ಮಗ ರಸ್ತೆ ದಾಟಿಬಿಟ್ಟಿದ್ದರು. ಕೊಟ್ಟಿದ್ದರೂ ಏನು? ಒಂದು ತಿಂಗಳ ಪಂಪ್. ಮುಂದಿನ ತಿಂಗಳು? ಅಂಗಡಿಯವರು ಆ ಡಬ್ಬಿಯನ್ನ ಮತ್ತೆ ಶೆಲ್ಫ್‌ನಲ್ಲಿ ಇಟ್ಟರು. “ಇದು ದಿನಾ ನಡೆಯೋದೇ ಸಾರ್” ಅಂದರು.

ಸಾವಿರ ಮೈಲಿ ಆಚೆ ಎರಡು ಕಂಪನಿಗಳು ಕೂತು ಸಹಿ ಹಾಕಿದ ಕಾಗದ ವಿಜಯನಗರದ ಈ ಕೌಂಟರ್ ಮೇಲೆ ಬಂದು ಬೀಳುತ್ತೆ. ಆ ಹುಡುಗನಿಗೆ ಈ ಮಳೆಗಾಲದಲ್ಲಿ ಉಬ್ಬಸ ಬಂದರೆ ಅದು ಬರೀ ಹವಾಮಾನದ ತಪ್ಪಲ್ಲ. ಆ ಕಾಗದದಲ್ಲಿ ಅವನ ಹೆಸರಿನ ಒಂದು ಸಾಲು ಇರಲಿ ಅಂತ ಕೇಳುವ ಹಕ್ಕು ನಮಗಿದೆ, ಕೇಳ್ತಾ ಇರ್ತೀವಿ.

ಈಗ ಒಂದು ಸಣ್ಣ ವಿರಾಮ. ಆಮೇಲೆ ಗಡಿಯ ಸುದ್ದಿಗೆ ಮರಳೋಣ.